ಹೆಂಡತಿಯ ಹೇಳಿಕೆಗೆ ನಾನು ಹಾಕಿದ ಕತ್ತರಿ

ಆಘಾತಕ್ಕೆ ಒಳಗಾದವರ ಮಾತನ್ನು ಹೇಗೆ ಕೇಳಬೇಕೆಂದು ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಹೇಳಿಕೊಡಲು ಕುಂದಾಪುರದ ಕಾಲೇಜೊಂದು ನನ್ನನ್ನು ಕರೆಯಿತು. ಕೂಡಲೇ ಒಪ್ಪಿದೆ. ಅಪಘಾತ, ದೋಣಿ ದುರಂತ, ಬೆಂಕಿ ಎಂದು ವರ್ಷಗಟ್ಟಲೆ ಪತ್ರಿಕೆಗೆ ವರದಿ ಮಾಡಿದವನು ನಾನು. ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಎರಡನೆಯ ಮೂಲದಿಂದ ದೃಢೀಕರಣ ಪಡೆದಿರಲಿಲ್ಲ!

ಬರೀ ಭಾಷಣ ಸಾಲದು, ಪ್ರಾತ್ಯಕ್ಷಿಕೆಯೂ ಬೇಕೆನಿಸಿತು. ಮನೆಯಲ್ಲೇ ಹೆಂಡತಿ ಸುಮತಿ ಇದ್ದಳು. ಹಿಂದೊಮ್ಮೆ ಕೋಟೇಶ್ವರದಲ್ಲಿ ಇಳಿಯುತ್ತಿದ್ದಾಗಲೇ ಬಸ್ಸು ಹೊರಟಿದ್ದರಿಂದ ಅವಳು ರಸ್ತೆಗೆ ಬಿದ್ದಿದ್ದಳು. ಗಾಯ ಮಾಗಿತು, ಆದರೆ ಅಂದಿನಿಂದ ಬಸ್ಸು ಹತ್ತಿಲ್ಲ. ಕಿರಿಮಂಜೇಶ್ವರದ ತವರಿಗೂ ಹೋಗಿಲ್ಲ.

"ಬಾಯ್ಬಿಟ್ ಹೇಳ್ರೆ ಹಗೂರ ಆತ್ತ್," ಎಂದೆ.

"ಹೇಳ್ತೆ. ನೀವ್ ಕೇಂತ್ರಿಯಾ?"

"ಅದೇ ಅಲ್ದಾ ನನ್ ಕೆಲ್ಸ!"

ಆಟೋದಲ್ಲಿ ಕರೆದೊಯ್ದೆ. ತರಗತಿಯಲ್ಲಿ ಸುಮತಿ ಶುರುಮಾಡಿದಳು: "ಸಂಜಿ ಹೊತ್ತ್. ಬಸ್ಸಂಗೆ ಸಿಕ್ಕಾಪಟ್ಟೆ ಜನ..."

"ಸಂಜೆಯಲ್ಲ, ಮಧ್ಯಾಹ್ನ," ಎಂದು ತಿದ್ದಿದೆ. ತಪ್ಪು ಮಾಹಿತಿ ಹೋಗಬಾರದಲ್ಲ!

"ಆಯ್ತ್, ಮಧ್ಯಾಹ್ನ. ಒಂದ್ ಕಾಲ್ ಕೆಳ್ಗೆ ಇಟ್ಟಿದ್ದೆ. ಬಸ್ ಹೊರಟೇ ಹೋಯ್ತ್. ಕಣ್ಣೆದ್ರಿಗೇ ಹಿಂದಿನ್ ಚಕ್ರ..."

"ಬಲಗಾಲೋ, ಎಡಗಾಲೋ?"

ಅವಳು ತನ್ನ ಕಾಲನ್ನೇ ನೋಡಿಕೊಂಡಳು. "ನೆನ್ಪಿಲ್ಲ."

"ಗಮನಿಸಿ," ಎಂದು ವಿದ್ಯಾರ್ಥಿಗಳಿಗೆ ವಿವರಿಸಿದೆ. "ಇಂಥವರ ಹೇಳಿಕೆಯಲ್ಲಿ ಲೋಪಗಳಿರುತ್ತವೆ. ಸೌಮ್ಯವಾಗಿ ಸರಿಪಡಿಸಬೇಕು."

"ಆ ಚಕ್ರ..." ಸುಮತಿ ಮತ್ತೆ ಶುರುಮಾಡಿದಳು.

"ಚಕ್ರ ಆಯಿತು. ಮುಂದೆ?"

ಸುಮತಿ ಎದ್ದು ನಿಂತಳು. "ಹ್ವಾಯ್! ಬಿದ್ದದ್ದ್ ನಾನಾ, ನೀವಾ? ಅವತ್ತೂ ಆಸ್ಪತ್ರಿಯಂಗೆ ನಾನ್ ನಡುಗ್ತಾ ಇದ್ರೆ ನೀವ್ ಬಸ್ಸಿನ್ ನಂಬ್ರ ಕೇಂಡ್ರಿ! ಪೇಪರಂಗೆ ಎಂತ ಬರ್ದ್ರಿ? ಮಹಿಳೆಗೆ ಸಣ್ಣಪುಟ್ಟ ಗಾಯ!"

ಆ ವರದಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂದು ಸ್ಪಷ್ಟನೆ ಕೊಟ್ಟೆ. ತರಗತಿ ನಕ್ಕಿತು. ಸುಮತಿ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪ್ರಮೀಳಾ ಎಂಬ ನಾವುಂದದ ವಿದ್ಯಾರ್ಥಿನಿ ಬಂದು ಅವಳ ಪಕ್ಕ ಕುಳಿತಳು. ನನ್ನತ್ತ ತಿರುಗಿ, "ಸರ್, ನೀವ್ ಒಂಚೂರ್ ಹೊರ್ಗೆ ಕೂಕಂತ್ರಿಯಾ?" ಎಂದಳು.

ಸಂಪನ್ಮೂಲ ವ್ಯಕ್ತಿಯನ್ನು ಹೊರಹಾಕಿ ಕಾರ್ಯಕ್ರಮ ಮುಂದುವರಿಯಿತು! ಕಿಟಕಿಯಲ್ಲಿ ಇಣುಕಿದೆ. ಸುಮತಿ ಕೈಯಾಡಿಸುತ್ತ ಹೇಳುತ್ತಲೇ ಇದ್ದಳು. ಪ್ರಮೀಳಾ ಸುಮ್ಮನೆ ತಲೆಯಾಡಿಸುತ್ತಿದ್ದಳು. ಒಂದು ಪ್ರಶ್ನೆ ಹಾಕಲೂ ಬಾರದ ಈ ಹುಡುಗಿ ಮುಂದೆ ಹೇಗೆ ಬದುಕುತ್ತಾಳೋ ಎಂದು ಮರುಕಪಟ್ಟೆ.

ಹೊರಬಂದ ಸುಮತಿ ಆಟೋದತ್ತ ಹೋಗಲಿಲ್ಲ, ಬಸ್ ನಿಲ್ದಾಣದಲ್ಲಿ ನಿಂತಳು. ಬಸ್ಸೊಂದು ಬಂತು. ಹತ್ತಲಿಲ್ಲ, ಹಿಂದೆ ಸರಿಯಲೂ ಇಲ್ಲ.

"ಒಳ್ಗೆ ಎಂತ ಹೇಳ್ದೆ?" ಎಂದೆ.

"ಅದ್ ಒಳ್ಗೆ ಇದ್ದವ್ರಿಗೆ ಮಾತ್ರ. ಆಯ್ತವಾರ ಪ್ರಮೀಳಾ ಬತ್ತೆ ಅಂದಳ್. ಅವ್ಳೊಟ್ಟಿಗೆ ಬಸ್ಸಂಗೆ ಅಮ್ಮನ್ ಮನಿಗೆ ಹೋಪುದ್."

"ನಾನೂ ಬತ್ತೆ."

"ಬನ್ನಿ. ಹಿಂದಿನ್ ಸೀಟಂಗೆ ಕೂಕಣಿ. ಬಾಯ್ ಮುಚ್ಕಂಡ್."

ಎರಡೂ ಷರತ್ತುಗಳಿಗೆ ಒಪ್ಪಿದ್ದೇನೆ. ಮೊದಲನೆಯದನ್ನು ಖಂಡಿತ ಪಾಲಿಸುತ್ತೇನೆ.