ಗೋಲಿನ ಪಕ್ಕದ ವಾಫಲ್ ಕಾವಲಿ

ಹಿಂದೆ ಯುರೋಪನ್ನು ಗೆದ್ದಿದ್ದ ನಾರ್ವೆಯ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಟೊರುನ್ ಶೆಲ್ವಿಕ್‌ಳನ್ನು ಸೆಮಿಫೈನಲ್ ದಿನವೇ ವಾಫಲ್ ಸುಡಲು ಹಾಕಿದ್ದು ತಪ್ಪು. ಹಾಕಿದ್ದು ಫುಟ್‌ಬಾಲ್ ಮಂಡಳಿಯ ಶ್ರಮದಾನ ಸಮಿತಿ. ನಿಯಮದ ಪ್ರಕಾರವೇ ಹಾಕಿತು.

ಪಂದ್ಯವೆಂದರೆ ನಮ್ಮಲ್ಲಿ ವಾಫಲ್ ಎಂಬ ಸಿಹಿದೋಸೆ ಇರಲೇಬೇಕು, ಅದನ್ನು ಸದಸ್ಯರೇ ಸರದಿಯ ಮೇಲೆ ಸುಡಬೇಕು. ಆ ಶನಿವಾರ ಎರಡು ಗಂಟೆಗೆ ಗಂಡಸರ ಸೌಹಾರ್ದ ಪಂದ್ಯ, ಟೊರುನ್‌ಳ ಪಾಳಿ. ಅದೇ ಎರಡು ಗಂಟೆಗೆ ಪಕ್ಕದ ಮೈದಾನದಲ್ಲಿ ಮಹಿಳೆಯರ ಸೆಮಿಫೈನಲ್. ಪಾಳಿ ತಪ್ಪಿಸಿದವರು ಒಂದು ವರ್ಷ ಆಡುವಂತಿಲ್ಲ. ಗಂಡಸರ ಹೆಸರು ಸರದಿ ಪಟ್ಟಿಯಲ್ಲಿ ಇರಲಿಲ್ಲ; ಅವರಿಗೆ ಆಡುವ ಕೆಲಸವಿತ್ತು.

ಟೊರುನ್ ವಿನಾಯಿತಿ ಕೇಳಿದಳು. ಕಾರ್ಯದರ್ಶಿ ಆಸ್‌ಬ್ಯೋರ್ನ್ ನಿಯಮಪುಸ್ತಕ ತೆರೆದು, ಅದಕ್ಕೆ ಮೂರೇ ಕಾರಣ ಎಂದ: ಕಾಯಿಲೆ, ಹತ್ತಿರದವರ ಸಾವು, ಕಡವೆ ಬೇಟೆ.

“ಫುಟ್‌ಬಾಲು?” ಎಂದಳು ಟೊರುನ್.

“ಪಟ್ಟೀಲಿ ಇಲ್ಲಮ್ಮ.”

“ಇದು ಫುಟ್‌ಬಾಲ್ ಮಂಡಳಿ ಅಲ್ವಾ?”

“ಅದಕ್ಕೇ ಹಾಕಿಲ್ಲ. ಇಲ್ಲಿ ಎಲ್ರೂ ಅದೇ ನೆಪ ಹೇಳ್ತಾರೆ.”

“ಹಾಗಾದ್ರೆ ಬೇಟೆಗೆ ಹೋಗ್ತೀನಿ, ಬರ್ಕೊಳ್ಳಿ.”

“ಕೋವಿ ಪರವಾನಗಿ ಇದ್ಯಾ?”

ಇರಲಿಲ್ಲ. ಆದರೆ ಸಮಿತಿ ಕಲ್ಲುಮನಸ್ಸಿನದಲ್ಲ. ನಾಲ್ಕು ಗಂಟೆ ಕಾಲ ಕಾಫಿ ಕುಡಿದು ಆದೇಶ ಹೊರಡಿಸಿತು: “ಸದಸ್ಯೆಯು ಗೋಲು ಬಿಟ್ಟು ಕಾವಲಿಯ ಬಳಿಗೆ ಬರಲಾಗದ ಕಾರಣ, ಕಾವಲಿಯು ಗೋಲಿನ ಬಳಿಗೆ ಹೋಗತಕ್ಕದ್ದು. ಚೆಂಡು ಮೈದಾನದ ಆಚೆ ಅರ್ಧದಲ್ಲಿ ಇರುವಾಗ ಮಾತ್ರ ಹಿಟ್ಟು ಹುಯ್ಯತಕ್ಕದ್ದು.”

ಹಾಗೇ ನಡೆಯಿತು. ಮೊದಲರ್ಧದಲ್ಲಿ ಟೊರುನ್ ಅರವತ್ತೆರಡು ವಾಫಲ್ ಸುಟ್ಟಳು. ಕಂದು ಚೀಸ್ ಸವರಿ ಅವನ್ನು ಗಂಡಸರ ಪಂದ್ಯಕ್ಕೆ ಸಾಗಿಸಲಾಯಿತು. ಅವಳ ತಂಡ ಒಂದು ಗೋಲಿನಿಂದ ಮುಂದಿತ್ತು. ಎಂಬತ್ತೆಂಟನೇ ನಿಮಿಷ ಎದುರಾಳಿ ಡೆನ್ಮಾರ್ಕಿಗೆ ಪೆನಾಲ್ಟಿ ಸಿಕ್ಕಿತು. ಕಾವಲಿಯಲ್ಲಿ ಎರಡು ವಾಫಲ್ ಕೆಂಪಾಗುತ್ತಿದ್ದವು. ಟೊರುನ್ ಕಾವಲಿ ನೋಡಿದಳು, ಚೆಂಡು ನೋಡಿದಳು, ಚೆಂಡಿನ ಕಡೆ ಹಾರಿದಳು. ನಾರ್ವೆ ಫೈನಲ್ ತಲುಪಿತು. ಪಕ್ಕದಲ್ಲಿ ಗಂಡಸರು ನಾಲ್ಕು ಗೋಲಿನಿಂದ ಸೋತರು. ವಾಫಲ್ ಆರಿಹೋಗಿತ್ತು ಎಂದು ಅಲ್ಲಿನ ಪ್ರೇಕ್ಷಕರು ದೂರಿದರು.

ಸಮಿತಿ ಟೊರುನ್‌ಗೆ ಹೂಗುಚ್ಛ ಕೊಟ್ಟಿತು. ಜೊತೆಗೊಂದು ನೋಟಿಸು: ಎರಡು ವಾಫಲ್ ಸೀದದ್ದೇಕೆ? ಪೆನಾಲ್ಟಿ ತಡೆಯುತ್ತಿದ್ದೆ ಎಂದು ಅವಳು ಬರೆದುಕೊಟ್ಟಳು. ಪೆನಾಲ್ಟಿಯೂ ಪಟ್ಟಿಯಲ್ಲಿರಲಿಲ್ಲ.

ಈಗ ಯಾರಿಗೂ ಇದು ವಿಚಿತ್ರ ಅನಿಸುತ್ತಿಲ್ಲ. ಹಿಟ್ಟು ಬೇಯುವ ತನಕ ಚೆಂಡನ್ನು ಆಚೆ ತುದಿಯಲ್ಲೇ ಆಡಿಸುವುದಕ್ಕೆ ಕೋಚ್ ಗುನ್‌ವೋರ್ ತಂತ್ರವೆಂದು ಹೆಸರಿಟ್ಟಿದ್ದಾಳೆ. ಅದನ್ನು ಕಲಿಯಲು ಹೊರದೇಶದ ತರಬೇತುದಾರರು ಟೇಪು ಹಿಡಿದು ಬಂದು ಕಾವಲಿ ಅಳೆದುಕೊಂಡು ಹೋಗುತ್ತಾರೆ. ತಂಡಕ್ಕೆ ಹೊಸದಾಗಿ ಸೇರುವ ಹುಡುಗಿಯರು ಸೌಟು ಮನೆಯಿಂದಲೇ ತರುತ್ತಾರೆ. ನಾನು ಕೂಗಾಡಿದಾಗ ಟೊರುನ್ ನನ್ನನ್ನೇ ಸಮಾಧಾನ ಮಾಡಿದಳು: “ಬಿಡಿ ಮಾರಾಯ್ರೇ. ಇನ್ನೊಂದು ಕಾವಲಿ ಕೊಟ್ರೆ ಸಾಕು, ಬೇಗ ಮುಗಿಯತ್ತೆ.”

ಭಾನುವಾರ ಫೈನಲ್. ಅವಳ ಹೆಸರು ಮತ್ತೆ ಸರದಿ ಪಟ್ಟಿಯಲ್ಲಿದೆ. ನೀವು ಬನ್ನಿ. ವಾಫಲ್ ಸಾಲಿನಲ್ಲಿ ನಿಲ್ಲಬೇಡಿ. ನೇರ ಗೋಲಿನ ಪಕ್ಕಕ್ಕೆ ನಡೆದು ಹೋಗಿ, ಅವಳ ಕೈಯಿಂದ ಸೌಟು ಕಿತ್ತುಕೊಳ್ಳಿ.