ಮೂಗಿನಲ್ಲಿ ಉಂಡ ನ್ಯಾರ್ಕೊ

ಒಂದೇ ಒಂದು ಗುಟುಕು ಕುಡಿದು ತೋರಿಸುತ್ತೇನೆ ಎಂದು ನ್ಯಾರ್ಕೊ ಒಪ್ಪಿಕೊಂಡದ್ದೇ ತಪ್ಪಾಯಿತು.

ಕುಮಾಸಿ ನಗರದ ಆಸ್ಪತ್ರೆಯೊಂದರಲ್ಲಿ ರೋಗಿಗಳ ಆಹಾರ ನೋಡಿಕೊಳ್ಳುವುದು ಅವನ ಕೆಲಸ. ಕೋಕೋ ತುಂಬಿದ ಲಾರಿ ಮಗುಚಿ ಪಕ್ಕೆಲುಬು ಮುರಿದುಕೊಂಡ ಒಡುರೊ ಎಂಬ ಡ್ರೈವರು ಎರಡು ದಿನದಿಂದ ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದ. ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ ಮೂಗಿನ ಟ್ಯೂಬಿನಿಂದ ಆಹಾರ ಹೋಗದಿದ್ದರೆ ಸೋಂಕಿನ ಜೊತೆ ಹೊಡೆದಾಡಲು ಮೈಯಲ್ಲಿ ಕಸುವೇ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆಂದೇ ನ್ಯಾರ್ಕೊ ಮೀನೆಣ್ಣೆ ಬೆರೆಸಿದ ವಿಶೇಷ ಆಹಾರ ತಂದಿದ್ದ. ನೋಡಲು ಮಾತ್ರ ಅದು ಗೋಡೆಗೆ ಬಳಿಯುವ ಸುಣ್ಣದ ಹಾಗಿತ್ತು.

ಒಡುರೊನ ಅಜ್ಜಿ ಸೆರ್ವಾ ಬಾಗಿಲಿಗೆ ಅಡ್ಡ ನಿಂತಳು. ಆ ಕಡೆಯ ಪದ್ಧತಿಯಂತೆ ಒಂದು ಲೋಟ ನೀರು ಕೊಡುವವರೂ ವಿಷವಿಲ್ಲ ಎಂದು ತೋರಿಸಲು ಮೊದಲು ತಾವು ಗುಟುಕರಿಸಿಯೇ ಕೊಡಬೇಕು. ಅಜ್ಜಿ ಕೇಳಿದ್ದು ನ್ಯಾಯವೇ. ನ್ಯಾರ್ಕೊ ಕುಡಿದ, ವಾಂತಿ ತಡೆದುಕೊಂಡು ನಕ್ಕ.

ಅಷ್ಟರಲ್ಲಿ ಒಡುರೊನ ಸೋದರಮಾವ ಊರಿಂದ ಬಂದಿಳಿದ. ಅವರಲ್ಲಿ ಸೋದರಮಾವನ ಮಾತೇ ಕೊನೆಯ ಮಾತು, ಅವನೋ ಕಣ್ಣಾರೆ ಕಂಡಿರಲಿಲ್ಲ. ಈ ಸಲ ಒಂದು ಲೋಟವೇ ಹೋಯಿತು. ಆಮೇಲೆ ಇಬ್ಬರು ಚಿಕ್ಕಮ್ಮಂದಿರು, ಅವರ ಬೆನ್ನಿಗೆ ಚರ್ಚಿನ ಪಾದ್ರಿ. ಮಧ್ಯಾಹ್ನದ ಹೊತ್ತಿಗೆ ನ್ಯಾರ್ಕೊನ ಹೊಟ್ಟೆ ತಮಟೆಯಾಗಿತ್ತು. ಒಡುರೊಗೆ ಇನ್ನೂ ಒಂದು ಹನಿಯೂ ಸೇರಿರಲಿಲ್ಲ.

ಆಗ ಅಜ್ಜಿಗೆ ಹೊಸ ಅನುಮಾನ ಹುಟ್ಟಿತು.

“ಬಾಯಲ್ಲಿ ಕುಡಿದ್ರೆ ಏನ್ ಬಂತು ಮಗಾ? ನನ್ ಹುಡುಗಂಗೆ ಹೋಗೋದು ಮೂಗಲ್ಲಿ. ವಿಷ ಟ್ಯೂಬಲ್ಲಿದ್ರೆ?”

ನ್ಯಾರ್ಕೊ ಕಾಪಾಡಿ ಎನ್ನುವಂತೆ ಮೇಟ್ರನ್ ಡೆಡೆಯ ಕಡೆ ತಿರುಗಿದ. ಆಕೆ ಆಗಲೇ ಹೊಸ ಟ್ಯೂಬು ಬಿಚ್ಚಿ ಅವನ ಮೂಗಿನಿಂದ ಹೊಟ್ಟೆಯವರೆಗೆ ಅಳತೆ ಹಿಡಿಯುತ್ತಿದ್ದಳು.

“ಗಂಟೆ ಎರಡಾಯ್ತು. ಕೂತ್ಕೊಳಯ್ಯಾ, ನುಂಗು ಅಂದಾಗ ನುಂಗು” ಎಂದಳು.

ಟ್ಯೂಬಿನಿಂದಲೇ ಒಂದು ಲೋಟ ಇಳಿಸಿಕೊಂಡು, ಅದನ್ನು ಮೂಗಿಗೆ ಅಂಟಿಸಿಕೊಂಡೇ ನ್ಯಾರ್ಕೊ ವೆರಾಂಡದ ಬೆಂಚಿನಲ್ಲಿ ಕೂತ. ಹೋಗಿಬರುವವರು ಇಷ್ಟು ಚಿಕ್ಕ ವಯಸ್ಸಿಗೇ ಹೀಗಾಯಿತಲ್ಲ ಎಂದು ಮರುಗಿದರು. ಯಾರೋ ಹೆಂಗಸು ಮಡಿಲಿಗೆ ಎರಡು ಕಿತ್ತಳೆ ಹಾಕಿ ಹೋದಳು. ಪಾದ್ರಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಅಜ್ಜಿ ಅರ್ಧ ಗಂಟೆ ಕಾದು, ಅವನ ಕಣ್ಣರೆಪ್ಪೆ ಎಳೆದು ನೋಡಿ, ನಾಲಿಗೆ ನೋಡಿ, ಕೊನೆಗೆ ತಲೆಯಾಡಿಸಿದಳು.

ಮೂರಕ್ಕೆ ಐದು ನಿಮಿಷವಿರುವಾಗ ಒಡುರೊನ ಟ್ಯೂಬಿನಲ್ಲಿ ಆಹಾರ ಇಳಿಯತೊಡಗಿತು. ಗಾಜಿನಾಚೆಯಿಂದ ನೋಡುತ್ತಿದ್ದ ನ್ಯಾರ್ಕೊಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಪಟ್ಟ ಪಾಡೆಲ್ಲ ಮರೆತೇ ಹೋಯಿತು.

ಅವನ ಟ್ಯೂಬು ತೆಗೆದ ಮೇಲೆ ಅಜ್ಜಿ ಅವನನ್ನು ತಬ್ಬಿಕೊಂಡು, ಇಂಥವನನ್ನು ಹುಡುಕಿದರೂ ಸಿಗುವುದಿಲ್ಲ, ರೋಗಿಗೆ ಮಾಡುವುದನ್ನೆಲ್ಲ ಮೊದಲು ತನಗೆ ಮಾಡಿಸಿಕೊಳ್ಳುತ್ತಾನೆ ಎಂದು ಇಡೀ ವಾರ್ಡಿಗೆ ಸಾರಿದಳು. ನ್ಯಾರ್ಕೊ ನಾಚಿಕೊಂಡು ಮನೆಗೆ ಹೊರಟ.

ಗೇಟಿನ ಹತ್ತಿರ ಇಬ್ಬರು ಮುದುಕರು ಅವನಿಗಾಗಿ ಕಾಯುತ್ತಿದ್ದರು. ಐದನೇ ಹಾಸಿಗೆಯ ರೋಗಿಯ ಅಣ್ಣಂದಿರಂತೆ. ಅಜ್ಜಿ ಎಲ್ಲಾ ಹೇಳಿದಳು, ನಮಗೂ ಧೈರ್ಯ ಬಂತು ಎಂದು ಅವನ ಕೈ ಹಿಡಿದುಕೊಂಡರು.

“ನಮ್ ತಮ್ಮಂಗೆ ಮೂಗಲ್ಲಿ ಆಗಲ್ವಂತೆ, ನಾಳೆ ಹೊಟ್ಟೆ ಕುಯ್ದು ತೂತು ಮಾಡಿ ಟ್ಯೂಬ್ ಇಡ್ತಾರಂತೆ” ಎಂದ ಹಿರಿಯ. “ನಿಂಗೆ ಎಷ್ಟೊತ್ತಿಗೆ ಕುಯ್ತಾರೆ ಮಗಾ? ನಾವು ಬೆಳಗ್ಗೇನೇ ಬಂದ್ಬಿಡ್ತೀವಿ.”