ಅಧ್ಯಕ್ಷರ ಸುರಕ್ಷತಾ ಸೂಚನೆ

ರಷ್ಯಾ ತನ್ನ ನೆರೆದೇಶದ ಮೇಲೆ ಯುದ್ಧ ಶುರುಮಾಡಿದ ವರ್ಷ ಲಿಥುವೇನಿಯದ ರಕ್ಷಣೆಯ ಭಾರವೆಲ್ಲ ತನ್ನ ಹೆಗಲಿಗೇ ಬಿದ್ದಿದೆ ಎಂದು ಅಲಿತುಸ್ ಊರಿನ ರಿಮಾಂತಾಸ್ ತೀರ್ಮಾನಿಸಿಬಿಟ್ಟ. ಸೈನ್ಯಕ್ಕೆ ಸೇರೋಣವೆಂದರೆ ವಯಸ್ಸು ಮೀರಿತ್ತು, ಮಂಡಿನೋವು ಬೇರೆ. ಆದರೇನು, ತಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ಅವನೇ ಅಲ್ಲವೇ!

ಒಂದು ಶುಕ್ರವಾರ ಸಂಜೆ ಕಂಪ್ಯೂಟರ್ ಮುಂದೆ ಎದೆಯುಬ್ಬಿಸಿ ಕೂತು ಹೆಂಡತಿಯನ್ನು ಕೂಗಿದ. "ಆಲ್ದೊನಾ, ಬಾ ಇಲ್ಲಿ! ನಮ್ಮನೆ ಆ್ಯಂಟಿವೈರಸ್ ರಷ್ಯಾದ್ದು ಕಣೇ! ಇವತ್ತು ಅದರ ಕಥೆ ಮುಗಿಸ್ತೀನಿ! ನಮ್ಮ ಗುಟ್ಟೆಲ್ಲ ಅವರ ಕೈಗೆ ಸಿಕ್ಕಿದ್ರೆ?"

"ಯಾವ ಗುಟ್ಟು? ನಿನ್ನ ಬಿ.ಪಿ. ಮಾತ್ರೆ ಚೀಟಿ, ನೀರಿನ ಬಿಲ್ಲು. ಓದ್ಕೊಂಡು ಅಳ್ಲಿ ಬಿಡು!" ಎಂದಳು ಆಲ್ದೊನಾ, ಆಲೂಗಡ್ಡೆ ತುರಿಯುತ್ತ. ಮರುಕ್ಷಣ ಅವಳ ಕೈ ನಿಂತಿತು. "ಅಯ್ಯೋ, ನನ್ನ ಅಣಬೆ ನಕ್ಷೆ!"

ಆ ಸೀಮೆಯ ಜನ ಬ್ಯಾಂಕಿನ ಪಾಸ್‌ವರ್ಡ್ ಬೇಕಾದರೂ ಹೇಳಿಯಾರು, ಕಾಡಿನಲ್ಲಿ ಅಣಬೆ ಏಳುವ ಜಾಗ ಮಾತ್ರ ಹೇಳಲಾರರು. ಆಲ್ದೊನಾಳ ಅಮ್ಮ ಸಾಯುವ ಮುಂಚೆ ಮಗಳ ಕಿವಿಯಲ್ಲಿ ಉಸುರಿದ್ದ ಜಾಗ ಅದು. ಕ್ರಿಸ್ಮಸ್ ಹಿಂದಿನ ದಿನದ ಅಣಬೆ ಸಾರಿನಿಂದ ಹಿಡಿದು ಚಳಿಗಾಲದ ಉಪ್ಪಿನಕಾಯಿಯವರೆಗೆ ಎಲ್ಲವೂ ಅಲ್ಲಿಂದಲೇ ಬರುತ್ತಿತ್ತು. ಗಂಡನನ್ನೂ ಅವಳು ಅಲ್ಲಿಗೆ ಕರೆದೊಯ್ದಿರಲಿಲ್ಲ.

"ನಕ್ಷೆ ಎಲ್ಲಿಟ್ಟಿದ್ದೀಯ?"

"ನಿಂಗ್ಯಾಕೆ? ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿದ್ದೀನಿ. ಕಾಪಾಡು, ಸಾಕು."

"ಪ್ರಾಣ ಕೊಟ್ಟಾದ್ರೂ ಕಾಪಾಡ್ತೀನಿ!"

ರಷ್ಯಾದ ಆ್ಯಂಟಿವೈರಸ್ಸನ್ನು ಬೇರುಸಮೇತ ಕಿತ್ತೆಸೆದು, ಮಿತ್ರದೇಶವೊಂದರದ್ದನ್ನು ಹಾಕಿದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಧ್ಯಕ್ಷನಾದವನು ತಾನೊಬ್ಬನೇ ಬಚಾವಾದರೆ ಹೇಗೆ? ನೆರೆಹೊರೆಯವರಿಗೂ ಎಚ್ಚರಿಕೆ ಕೊಡಲು ಹೊರಟ. ಎರಡನೇ ಸಾಲಿಗೇ ಬುದ್ಧಿ ಖಾಲಿ! ಹುಡುಕಿದರೆ ಕಂಪ್ಯೂಟರಿನಲ್ಲೇ ಒಂದು ಫೈಲು ಸಿದ್ಧವಾಗಿತ್ತು: "ಕಂಪ್ಯೂಟರ್ ಸುರಕ್ಷತೆ: ಮುಖ್ಯ ಸೂಚನೆಗಳು". ಅಂಥದ್ದನ್ನೆಲ್ಲ ತೆರೆದು ಓದುವ ವ್ಯವಧಾನ ಯಾರಿಗಿದೆ? "ಎಲ್ಲರೂ ತಕ್ಷಣ ಪಾಲಿಸತಕ್ಕದ್ದು, ಅಧ್ಯಕ್ಷರ ಅಪ್ಪಣೆ" ಎಂದು ಮೇಲೆ ಬರೆದು, ಆ ಫೈಲನ್ನು ಇಡೀ ಕಟ್ಟಡಕ್ಕೆ ಈಮೇಲ್ ಮಾಡಿ ನೆಮ್ಮದಿಯಾಗಿ ಮಲಗಿದ.

ಬೆಳಿಗ್ಗೆ ಬುಟ್ಟಿ ಹಿಡಿದು ಕಾಡಿಗೆ ಹೋದ ಆಲ್ದೊನಾ ಬರಿಗೈಲಿ ವಾಪಸ್ಸಾದಳು.

"ಇಡೀ ಬಿಲ್ಡಿಂಗೇ ಅಲ್ಲಿದೆ ಕಣೋ! ಮೂರನೇ ಮಹಡಿಯವರು ಹಾಲು ಕುಡಿಯೋ ಕೂಸನ್ನೂ ಎತ್ಕೊಂಡು ಬಂದಿದ್ದಾರೆ! ಒಂದೇ ಒಂದು ಅಣಬೆ ಉಳಿಸಿಲ್ಲ!"

"ನೋಡಿದ್ಯಾ! ಮಾಸ್ಕೋದವರ ಕೆಲಸ!" ರಿಮಾಂತಾಸ್ ಮೇಜು ಗುದ್ದಿದ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಬ್ರೋನ್ಯೆ ಅಜ್ಜಿ! ಕೈಯಲ್ಲಿ ಬುಟ್ಟಿ ತುಂಬ ಅಣಬೆ!

"ಅಧ್ಯಕ್ಷರೇ, ಇಷ್ಟು ವರ್ಷ ನೀವು ಕಳಿಸಿದ ಸೂಚನೇಲಿ ಎಲ್ರೂ ಪಾಲಿಸಿದ್ದು ಇದೊಂದೇ ನೋಡಿ! ಕಾಡುಹಣ್ಣಿನ ನಕ್ಷೆ ಯಾವಾಗ ಕಳಿಸ್ತೀರಿ?"

ಅಜ್ಜಿ ಹೋದ ಮೇಲೆ ರಿಮಾಂತಾಸ್ ಓಡಿಹೋಗಿ ಆ ಫೈಲನ್ನು ತೆರೆದು ನೋಡಿದ. "ನಕ್ಷೆಗೆ ಆ ಹೆಸರು ಯಾಕಿಟ್ಟೆ?"

"ಸೂಚನೆ ಅಂತ ಬರೆದಿದ್ರೆ ನೀನು ಈ ಜನ್ಮದಲ್ಲಿ ತೆರೆಯಲ್ಲ ಅಂತ! ತೆರೀಲೂ ಇಲ್ವಲ್ಲ, ಪುಣ್ಯಾತ್ಮ!" ಆಲ್ದೊನಾಳ ಕಣ್ಣು ತುಂಬಿತು. "ಅಮ್ಮನ ಜಾಗ ಕಣೋ ಅದು."

ರಿಮಾಂತಾಸ್ ಅವಳ ಪಕ್ಕ ಬಂದು ನಿಂತ. "ತಪ್ಪಾಯ್ತು. ಈಗೇನು ಮಾಡ್ಲಿ ಹೇಳು, ಮಾಡ್ತೀನಿ."

"ಗಂಡನಿಂದ ಕಾಪಾಡೋ ಆ್ಯಂಟಿವೈರಸ್ ಎಲ್ಲಾದ್ರೂ ಸಿಗುತ್ತಾ ಹುಡುಕು. ಯಾವ ದೇಶದ್ದಾದ್ರೂ ಸರಿ, ಹಾಕಿಸ್ಕೊಳ್ತೀನಿ!"